ಯಂತ್ರವಾಚನ

ಯಂತ್ರವಾಚನ ಎಂದರೆ ಮನುಷ್ಯರು ತಮ್ಮ ಓದಿಗಾಗಿ ಬರೆದ ಪಠ್ಯವನ್ನು ಗಣಕಯಂತ್ರವು ಓದಿ, ಅದರಲ್ಲಿರುವ ಸಂಗತಿಗಳನ್ನು ಗುರುತಿಸಿ, ಮರುಬಳಕೆಗೆ ಯೋಗ್ಯವಾದ ಜ್ಞಾನದ ರೂಪದಲ್ಲಿ ಸಂಗ್ರಹಿಸಿಕೊಳ್ಳುವ ವಿಧಾನ. ಇದು ಕೃತಕ ಬುದ್ಧಿಮತ್ತೆಯ ಒಂದು ಶಾಖೆಯಾಗಿದ್ದು, ಸ್ವಾಭಾವಿಕ ಭಾಷಾ ಸಂಸ್ಕರಣೆ ಮತ್ತು ಯಂತ್ರಕಲಿಕೆ ಎಂಬ ಎರಡು ಕ್ಷೇತ್ರಗಳ ನಡುವೆ ಬೆಳೆದಿದೆ. ಪುಸ್ತಕ, ಪತ್ರಿಕೆ, ಸರ್ಕಾರಿ ದಾಖಲೆ ಮೊದಲಾದ ಎಲ್ಲ ಬಗೆಯ ಪಠ್ಯಕ್ಕೂ ಇದು ಅನ್ವಯಿಸುತ್ತದೆ. ಆದರೆ ಅಂತರಜಾಲದಲ್ಲಿ ಅಪಾರ ಪ್ರಮಾಣದ ಪಠ್ಯ ಮುಕ್ತವಾಗಿ ದೊರೆಯತೊಡಗಿದ ಬಳಿಕವೇ ಇದು ಪ್ರಮುಖ ಸಂಶೋಧನಾ ವಿಷಯವಾಯಿತು.

ಯಂತ್ರವು ಓದಿ ಕಲಿಯುವ ಜ್ಞಾನವು ಬರೆದಿಟ್ಟ ಪಠ್ಯದ ಪ್ರಮಾಣ, ಕಾಲ ಮತ್ತು ಭಾಷೆಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಯಶಸ್ವಿಯಾದ ವಿಧಾನಗಳು ಕನ್ನಡದಂತಹ ಭಾಷೆಗಳಲ್ಲಿ ನೇರವಾಗಿ ಫಲ ಕೊಡುವುದಿಲ್ಲ. ಹೆಚ್ಚು ಬರಹಕ್ಕೆ ಒಳಗಾಗದ ಊರುಗಳ ವಿಷಯದಲ್ಲಿ ಈ ಮಿತಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಈ ಲೇಖನದಲ್ಲಿ ಅಂತಹ ಉದಾಹರಣೆಗಳನ್ನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಮತ್ತು ಅದರ ಸುತ್ತಲಿನ ಪ್ರದೇಶದಿಂದ ಆಯ್ದುಕೊಳ್ಳಲಾಗಿದೆ.

ಪರಿಕಲ್ಪನೆ

ಸಾಮಾನ್ಯ ಹುಡುಕುಯಂತ್ರವು ಓದುಗನು ಕೊಟ್ಟ ಪದಗಳು ಯಾವ ಪುಟದಲ್ಲಿವೆ ಎಂಬುದನ್ನು ತೋರಿಸುತ್ತದೆ. ಪುಟವನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಓದುಗನದೇ ಆಗಿರುತ್ತದೆ. ಯಂತ್ರವಾಚನದಲ್ಲಿ ಆ ಕೆಲಸವನ್ನೂ ಯಂತ್ರಕ್ಕೆ ವಹಿಸಲಾಗುತ್ತದೆ. "ಹನುಮಸಾಗರವು ಕುಷ್ಟಗಿ ತಾಲ್ಲೂಕಿನಲ್ಲಿದೆ" ಎಂಬ ವಾಕ್ಯವನ್ನು ಓದಿದ ಯಂತ್ರವು ಅದನ್ನು ಮೂರು ಭಾಗಗಳಾಗಿ ಒಡೆಯುತ್ತದೆ: ಹನುಮಸಾಗರ (ಮೊದಲ ಘಟಕ), ಇರುವ ತಾಲ್ಲೂಕು (ಸಂಬಂಧ), ಕುಷ್ಟಗಿ (ಎರಡನೆಯ ಘಟಕ). ಇಂತಹ ಮೂರು ಭಾಗಗಳ ಹೇಳಿಕೆಯನ್ನು ತ್ರಿಕ ಎನ್ನಬಹುದು. "ಕುಷ್ಟಗಿ ತಾಲ್ಲೂಕು ಕೊಪ್ಪಳ ಜಿಲ್ಲೆಗೆ ಸೇರಿದೆ" ಎಂಬುದನ್ನು ಬೇರೊಂದು ಕಡೆ ಓದಿದ್ದರೆ, ಎರಡನ್ನೂ ಜೋಡಿಸಿ ಹನುಮಸಾಗರವು ಕೊಪ್ಪಳ ಜಿಲ್ಲೆಯಲ್ಲಿದೆ ಎಂಬ ಮೂರನೆಯ ಸಂಗತಿಯನ್ನು ಯಂತ್ರವು ಊಹಿಸಬಲ್ಲದು. ಮೂರನೆಯ ಸಂಗತಿಯನ್ನು ಯಾರೂ ಎಲ್ಲಿಯೂ ಬರೆಯದಿದ್ದರೂ ಅದು ಲಭ್ಯವಾಗುತ್ತದೆ. ಲಕ್ಷಾಂತರ ತ್ರಿಕಗಳು ಒಂದಕ್ಕೊಂದು ಹೆಣೆದುಕೊಂಡಾಗ ಉಂಟಾಗುವ ರಚನೆಗೆ ಜ್ಞಾನಜಾಲ ಎಂದು ಹೆಸರು.

ಇತಿಹಾಸ

ಆರಂಭದ ಪ್ರಯತ್ನಗಳು

ಗಣಕಕ್ಕೆ ಜ್ಞಾನವನ್ನು ಒದಗಿಸುವ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಮನುಷ್ಯರೇ ಒಂದೊಂದು ಸಂಗತಿಯನ್ನೂ ಬರೆದು ತುಂಬಿಸುತ್ತಿದ್ದರು. ಅಮೆರಿಕದ ಡಗ್ಲಾಸ್ ಲೆನಟ್ 1984ರಲ್ಲಿ ಆರಂಭಿಸಿದ ಸೈಕ್ ಯೋಜನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಾಮಾನ್ಯ ತಿಳಿವಳಿಕೆಯನ್ನು ತರ್ಕದ ಭಾಷೆಯಲ್ಲಿ ಕೈಯಿಂದಲೇ ದಾಖಲಿಸುವುದು ಅದರ ಮಾರ್ಗವಾಗಿತ್ತು. ಈ ಮಾರ್ಗಕ್ಕೆ ದೀರ್ಘ ಕಾಲ ಮತ್ತು ಅಪಾರ ಶ್ರಮ ಬೇಕಾಗುತ್ತಿದ್ದುದರಿಂದ ಪಠ್ಯದಿಂದಲೇ ಸಂಗತಿಗಳನ್ನು ಹೊರತೆಗೆಯುವ ವಿಧಾನಗಳತ್ತ ಗಮನ ಹರಿಯಿತು. 1987ರಿಂದ ಅಮೆರಿಕದಲ್ಲಿ ನಡೆದ ಸಂದೇಶ ಗ್ರಹಿಕೆ ಸಮ್ಮೇಳನಗಳಲ್ಲಿ ಸುದ್ದಿ ಹಾಗೂ ವರದಿಗಳಿಂದ ವ್ಯಕ್ತಿ, ಸ್ಥಳ, ಸಂಸ್ಥೆ ಮತ್ತು ಘಟನೆಗಳನ್ನು ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಲಾಯಿತು.

1992ರಲ್ಲಿ ಮಾರ್ಟಿ ಹರ್ಸ್ಟ್ ಒಂದು ಸರಳ ವಿಧಾನವನ್ನು ಮುಂದಿಟ್ಟರು. ಬರಹಗಾರರು ಒಂದು ವರ್ಗವನ್ನು ಹೆಸರಿಸಿ ಅದಕ್ಕೆ ಉದಾಹರಣೆಗಳನ್ನು ಕೊಡುವಾಗ ಕೆಲವು ನಿಶ್ಚಿತ ಪದಗಳನ್ನು ಪದೇ ಪದೇ ಬಳಸುತ್ತಾರೆ. ಆ ಪದಗಳ ಜಾಡು ಹಿಡಿದರೆ ಯಾವ ವಸ್ತು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಯಂತ್ರವು ತಿಳಿಯಬಹುದು ಎಂಬುದು ಅದರ ಸಾರ. 1998ರಲ್ಲಿ ಸರ್ಗೆ ಬ್ರಿನ್ ಕೇವಲ ಐದು ಪುಸ್ತಕಗಳ ಮತ್ತು ಅವುಗಳ ಲೇಖಕರ ಹೆಸರುಗಳಿಂದ ಆರಂಭಿಸಿ, ಆ ಹೆಸರುಗಳು ಜಾಲಪುಟಗಳಲ್ಲಿ ಕಾಣಿಸಿಕೊಳ್ಳುವ ರೀತಿಯನ್ನು ಯಂತ್ರಕ್ಕೆ ಕಲಿಸಿ, 15 ಸಾವಿರಕ್ಕೂ ಹೆಚ್ಚು ಪುಸ್ತಕಗಳ ಪಟ್ಟಿಯನ್ನು ಪಡೆದರು. ಕೆಲವೇ ಬೀಜ ಉದಾಹರಣೆಗಳಿಂದ ಬರವಣಿಗೆಯ ಮಾದರಿಗಳನ್ನು ಕಂಡುಕೊಂಡು, ಆ ಮಾದರಿಗಳಿಂದ ಹೊಸ ಉದಾಹರಣೆಗಳನ್ನು ಪಡೆಯುವ ಈ ಆವರ್ತನ ಕ್ರಮವು ಮುಂದಿನ ಅನೇಕ ವ್ಯವಸ್ಥೆಗಳಿಗೆ ತಳಹದಿಯಾಯಿತು.

ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಓರೆನ್ ಎಟ್ಜಿಯೋನಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ಯಂತ್ರವಾಚನ ಎಂಬ ಅರ್ಥದ ಹೆಸರಿನಿಂದಲೇ ಈ ಕ್ಷೇತ್ರದ ಗುರಿಗಳನ್ನು ನಿರೂಪಿಸಿದರು. 2007ರಲ್ಲಿ ಅವರ ತಂಡ ಪ್ರಕಟಿಸಿದ ಟೆಕ್ಸ್ಟ್‌ರನ್ನರ್ ವ್ಯವಸ್ಥೆಯಲ್ಲಿ ಯಾವ ಸಂಬಂಧಗಳನ್ನು ಹುಡುಕಬೇಕೆಂದು ಮೊದಲೇ ಹೇಳಿಕೊಡುವ ಅಗತ್ಯವಿರಲಿಲ್ಲ; ವಾಕ್ಯದಲ್ಲಿರುವ ಸಂಬಂಧವನ್ನು ಅದು ವಾಕ್ಯದ ಪದಗಳಿಂದಲೇ ಹೆಕ್ಕಿಕೊಳ್ಳುತ್ತಿತ್ತು.

ನೆಲ್ ಯೋಜನೆ

ನಿರಂತರವಾಗಿ ಓದಿ ಕಲಿಯುವ ಯಂತ್ರವೆಂದು ಹೆಚ್ಚು ಹೆಸರಾದುದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಟಾಮ್ ಮಿಚೆಲ್ ಅವರ ನೇತೃತ್ವದ ನೆಲ್ ಯೋಜನೆ. 2010ರ ಜನವರಿಯಲ್ಲಿ ಆರಂಭವಾದ ಈ ವ್ಯವಸ್ಥೆಯು ಹಗಲಿರುಳು ಜಾಲಪುಟಗಳನ್ನು ಓದುತ್ತಿತ್ತು. ನಗರ, ಸಂಸ್ಥೆ, ಆಟ, ಆಹಾರ ಮೊದಲಾದ ವರ್ಗಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಅದಕ್ಕೆ ಮೊದಲೇ ತಿಳಿಸಲಾಗಿತ್ತು. ಪ್ರತಿಯೊಂದು ವರ್ಗಕ್ಕೂ ಹತ್ತು ಹದಿನೈದು ಉದಾಹರಣೆಗಳನ್ನಷ್ಟೇ ಕೊಡಲಾಗಿತ್ತು. ಮೊದಲ 67 ದಿನಗಳಲ್ಲಿ ಅದು 2,42,000ಕ್ಕೂ ಹೆಚ್ಚು ಸಂಗತಿಗಳನ್ನು ಸಂಗ್ರಹಿಸಿತು. ಅವುಗಳಲ್ಲಿ ಸುಮಾರು ಶೇ. 74ರಷ್ಟು ಸರಿಯಾಗಿವೆಯೆಂದು ತಂಡವು ಅಂದಾಜು ಮಾಡಿತು.

ನೆಲ್ ಮಾಡಿದ ಒಂದು ತಪ್ಪು ಈ ಕ್ಷೇತ್ರದಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ಜಾಲಪುಟಗಳು ಬಳಕೆದಾರರ ಗಣಕದಲ್ಲಿ ಉಳಿಸುವ ಕುಕಿ ಎಂಬ ಸಣ್ಣ ಕಡತವನ್ನು ಅದು ತಿನ್ನುವ ಬಿಸ್ಕತ್ತಿನ ಜಾತಿಗೆ ಸೇರಿಸಿತು. ಕುಕಿಯನ್ನು ಅಳಿಸಬಹುದು ಎಂದು ಓದಿದ ಬಳಿಕ, ಅದೇ ರೀತಿ ಅಳಿಸಬಹುದಾದ ಇತರ ಕಡತಗಳನ್ನೂ ಬೇಕರಿಯ ತಿನಿಸುಗಳೆಂದು ಭಾವಿಸತೊಡಗಿತು. ಒಂದು ತಪ್ಪು ತನ್ನಂತಹ ನೂರು ತಪ್ಪುಗಳಿಗೆ ದಾರಿ ಮಾಡಿಕೊಡುವ ಈ ದೋಷವನ್ನು ಅರ್ಥಚಲನೆ ಎನ್ನಬಹುದು. ಇದನ್ನು ತಡೆಯಲು ಯೋಜನೆಯು ಪರಸ್ಪರ ನಿರ್ಬಂಧಗಳನ್ನು ಬಳಸುತ್ತಿತ್ತು: ನಗರವಾಗಿರುವುದು ವ್ಯಕ್ತಿಯಾಗಿರಲಾರದು, ಆಹಾರವಾಗಿರುವುದು ಸಂಸ್ಥೆಯಾಗಿರಲಾರದು ಎಂಬಂತಹ ನಿಯಮಗಳು. ಕಾಲಕಾಲಕ್ಕೆ ಮನುಷ್ಯರೂ ತಪ್ಪುಗಳನ್ನು ತಿದ್ದುತ್ತಿದ್ದರು.

ನೆಲ್ ತಂಡದಲ್ಲಿ ಕೆಲಸ ಮಾಡಿದ ಪಾರ್ಥ ಪ್ರತಿಮ ತಾಲೂಕ್ದಾರ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಇದರಿಂದ ಜ್ಞಾನಜಾಲಗಳನ್ನು ಕುರಿತ ಸಂಶೋಧನೆಗೆ ಕರ್ನಾಟಕದಲ್ಲಿಯೂ ಒಂದು ನೆಲೆ ದೊರೆಯಿತು.

ಜ್ಞಾನಜಾಲಗಳು ಮತ್ತು ಭಾಷಾ ಮಾದರಿಗಳು

2007ರಲ್ಲಿ ವಿಕಿಪೀಡಿಯದ ಲೇಖನಗಳಿಂದ ಸಂಗತಿಗಳನ್ನು ಹೊರತೆಗೆಯುವ ಡಿಬಿಪೀಡಿಯ ಮತ್ತು ಯಾಗೊ ಎಂಬ ಎರಡು ಯೋಜನೆಗಳು ಜರ್ಮನಿಯಲ್ಲಿ ಆರಂಭವಾದವು. 2012ರ ಮೇ ತಿಂಗಳಿನಲ್ಲಿ ಗೂಗಲ್ ತನ್ನ ಹುಡುಕುಯಂತ್ರದಲ್ಲಿ ಜ್ಞಾನಜಾಲವನ್ನು ಅಳವಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ವಯಂಸೇವಕರು ನಿರ್ವಹಿಸುವ ವಿಕಿಡೇಟಾ ಆರಂಭವಾಯಿತು. 2009ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಈಗಾಗಲೇ ಇರುವ ಜ್ಞಾನಕೋಶದ ಸಂಗತಿಗಳನ್ನೇ ಪಾಠವಾಗಿ ಬಳಸಿ ಹೊಸ ಪಠ್ಯವನ್ನು ಓದಲು ಯಂತ್ರಕ್ಕೆ ಕಲಿಸುವ ವಿಧಾನವನ್ನು ಪ್ರಕಟಿಸಿದ್ದರು.

2017ರ ಬಳಿಕ ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಆಧರಿಸಿದ ಭಾಷಾ ಮಾದರಿಗಳು ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿದವು. ಇವು ಸಂಗತಿಗಳನ್ನು ತ್ರಿಕಗಳಾಗಿ ಬರೆದಿಡುವುದಿಲ್ಲ. ಅಪಾರ ಪಠ್ಯವನ್ನು ಓದುತ್ತ ಮರೆಮಾಡಿದ ಪದವನ್ನು ಅಥವಾ ಮುಂದಿನ ಪದವನ್ನು ಊಹಿಸುವ ಅಭ್ಯಾಸದಿಂದ ಭಾಷೆಯನ್ನೂ, ಅದರ ಜೊತೆಗೆ ಪಠ್ಯದಲ್ಲಿರುವ ಸಂಗತಿಗಳನ್ನೂ ಸಂಖ್ಯೆಗಳ ರೂಪದಲ್ಲಿ ಮೈಗೂಡಿಸಿಕೊಳ್ಳುತ್ತವೆ. 2018ರಲ್ಲಿ ಬಂದ ಬರ್ಟ್ ಮಾದರಿಯ ಬಹುಭಾಷಾ ಆವೃತ್ತಿಯು ಕನ್ನಡವೂ ಸೇರಿದಂತೆ 104 ಭಾಷೆಗಳ ವಿಕಿಪೀಡಿಯ ಪಠ್ಯವನ್ನು ಓದಿ ಸಿದ್ಧವಾಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ ಓದಿ ಕಲಿತ ಯಂತ್ರಗಳೊಡನೆ ಸಂಭಾಷಿಸುವುದು ಜನಸಾಮಾನ್ಯರಿಗೂ ಸಾಧ್ಯವಾಯಿತು.

ಕಾರ್ಯವಿಧಾನ

ಪಠ್ಯದಿಂದ ಜ್ಞಾನಜಾಲವನ್ನು ಕಟ್ಟುವ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಐದು ಹಂತಗಳಿರುತ್ತವೆ.

1. ಪಠ್ಯ ಸಂಗ್ರಹ: ಜಾಲಪುಟಗಳಿಂದ ಜಾಹೀರಾತು, ಪಟ್ಟಿ ಮತ್ತು ಕೊಂಡಿಗಳನ್ನು ತೆಗೆದು ಶುದ್ಧ ಪಠ್ಯವನ್ನು ಬೇರ್ಪಡಿಸಲಾಗುತ್ತದೆ, ಅದರ ಭಾಷೆಯನ್ನು ಗುರುತಿಸಲಾಗುತ್ತದೆ.

2. ಹೆಸರುಗಳ ಗುರುತಿಸುವಿಕೆ: ವಾಕ್ಯದಲ್ಲಿ ವ್ಯಕ್ತಿ, ಸ್ಥಳ, ಸಂಸ್ಥೆ, ಕಾಲ ಮುಂತಾದವುಗಳನ್ನು ಸೂಚಿಸುವ ಪದಗಳನ್ನು ಪತ್ತೆ ಮಾಡಲಾಗುತ್ತದೆ.

3. ಘಟಕ ಜೋಡಣೆ: ಗುರುತಿಸಿದ ಹೆಸರು ಯಾವ ನಿಜವಾದ ವಸ್ತುವನ್ನು ಕುರಿತದ್ದು ಎಂಬುದನ್ನು ನಿರ್ಧರಿಸಲಾಗುತ್ತದೆ. "ಸಾಗರ" ಎಂಬ ಪದವು ಸಮುದ್ರವನ್ನೂ ಸೂಚಿಸಬಹುದು, ಶಿವಮೊಗ್ಗ ಜಿಲ್ಲೆಯ ಪಟ್ಟಣವನ್ನೂ ಸೂಚಿಸಬಹುದು, ವ್ಯಕ್ತಿಯ ಹೆಸರೂ ಆಗಿರಬಹುದು.

4. ಸಂಬಂಧಗಳ ಹೊರತೆಗೆಯುವಿಕೆ: ಎರಡು ಘಟಕಗಳ ನಡುವೆ ವಾಕ್ಯವು ಹೇಳುವ ಸಂಬಂಧವನ್ನು ತ್ರಿಕವಾಗಿ ಬರೆಯಲಾಗುತ್ತದೆ.

5. ಪರಿಶೀಲನೆ: ಒಂದೇ ಸಂಗತಿ ಎಷ್ಟು ಸ್ವತಂತ್ರ ಮೂಲಗಳಲ್ಲಿದೆ, ಅದು ಇತರ ಸಂಗತಿಗಳಿಗೆ ವಿರುದ್ಧವಾಗಿದೆಯೇ ಎಂಬುದನ್ನು ನೋಡಿ ವಿಶ್ವಾಸದ ಅಂಕವನ್ನು ಕೊಡಲಾಗುತ್ತದೆ.

ಐದನೆಯ ಹಂತದಲ್ಲಿ ಪುನರಾವೃತ್ತಿಗೆ ಹೆಚ್ಚಿನ ಬೆಲೆಯಿದೆ. ಬೆಂಗಳೂರು ಕರ್ನಾಟಕದ ರಾಜಧಾನಿ ಎಂಬ ಸಂಗತಿ ಅಸಂಖ್ಯ ಪುಟಗಳಲ್ಲಿ ಕಾಣುವುದರಿಂದ ಯಂತ್ರಕ್ಕೆ ಅದರಲ್ಲಿ ಸಂಶಯ ಉಳಿಯುವುದಿಲ್ಲ. ಒಂದು ಹೋಬಳಿ ಕೇಂದ್ರವನ್ನು ಕುರಿತ ಸಂಗತಿ ನಾಲ್ಕಾರು ಪುಟಗಳಲ್ಲಷ್ಟೇ ಇದ್ದರೆ, ಅದು ನಿಜವಾಗಿದ್ದರೂ ಕಡಿಮೆ ಅಂಕ ಪಡೆಯುತ್ತದೆ. ಆ ನಾಲ್ಕಾರರಲ್ಲಿ ಒಂದು ತಪ್ಪಾಗಿದ್ದರೂ ಫಲಿತಾಂಶವು ಏರುಪೇರಾಗುತ್ತದೆ.

ಕನ್ನಡದಲ್ಲಿ ಯಂತ್ರವಾಚನ

ಲಿಪಿ ಸಂಕೇತ

ಕನ್ನಡ ಪಠ್ಯವನ್ನು ಯಂತ್ರವು ಓದಬೇಕಾದರೆ ಅದು ಪ್ರಮಾಣಿತ ಸಂಕೇತದಲ್ಲಿರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆದರೆ ಅದಕ್ಕೆ ತಕ್ಕ ತಂತ್ರಾಂಶಗಳು ವ್ಯಾಪಕವಾಗುವವರೆಗೆ ಕನ್ನಡದ ಬಹುಪಾಲು ಗಣಕೀಕೃತ ಬರಹವು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಕ್ಕೆ ಬದ್ಧವಾದ ಸಂಕೇತಗಳಲ್ಲಿತ್ತು. ಅಂತಹ ಕಡತಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳೇ ಇರುತ್ತವೆ. ಯಂತ್ರಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ಸಾಲು ಮಾತ್ರ.

ಇಂತಹ ಪಠ್ಯವನ್ನು ಯೂನಿಕೋಡಿಗೆ ಬದಲಿಸುವಾಗ ಅಕ್ಷರಗಳ ಕ್ರಮವನ್ನೂ ಸರಿಪಡಿಸಬೇಕಾಗುತ್ತದೆ. "ಯಲಬುರ್ಗಾ" ಎಂಬ ಹೆಸರಿನಲ್ಲಿ ಅರ್ಕಾವೊತ್ತು "ಗಾ" ಅಕ್ಷರದ ನಂತರ ಕಾಣಿಸುತ್ತದೆ. ಹಳೆಯ ಸಂಕೇತಗಳಲ್ಲಿ ಅದು ಕಂಡ ಕ್ರಮದಲ್ಲಿಯೇ ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮಕ್ಕೆ ಅನುಗುಣವಾಗಿ "ರ್" ಮೊದಲು, "ಗಾ" ಅನಂತರ ಬರಬೇಕು. ಪರಿವರ್ತಕವು ಇಲ್ಲಿ ತಪ್ಪಿದರೆ ಊರಿನ ಹೆಸರೇ ಬದಲಾಗಿ, ಸರಿಯಾಗಿ ಬರೆದ ಹೆಸರಿನೊಡನೆ ಅದು ಹೊಂದಿಕೊಳ್ಳುವುದಿಲ್ಲ.

ಯೂನಿಕೋಡಿನ ಸಾಮಾನ್ಯ ರೂಪವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಮೂರು ಬೈಟುಗಳು ಬೇಕು. ಹೀಗಾಗಿ "ಹನುಮಸಾಗರ" ಎಂಬ ಪದವು 24 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 12 ಬೈಟುಗಳು ಸಾಕು. ಪಠ್ಯವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ ಓದುವ ಭಾಷಾ ಮಾದರಿಗಳಲ್ಲಿ, ತುಣುಕುಗಳ ಪಟ್ಟಿಯನ್ನು ಮುಖ್ಯವಾಗಿ ಇಂಗ್ಲಿಷ್ ಪಠ್ಯದಿಂದ ಸಿದ್ಧಪಡಿಸಿದ್ದರೆ, ಕನ್ನಡದ ಪದಗಳು ಅರ್ಥವಿಲ್ಲದ ಚೂರುಗಳಾಗಿ ಒಡೆಯುತ್ತವೆ. ಇದರಿಂದ ಓದಿನ ವೆಚ್ಚ ಹೆಚ್ಚುತ್ತದೆ, ಗ್ರಹಿಕೆ ಕುಗ್ಗುತ್ತದೆ.

ಪದರಚನೆ

ಕನ್ನಡವು ಪ್ರತ್ಯಯಗಳನ್ನು ಒಂದರ ಮೇಲೊಂದು ಜೋಡಿಸಿಕೊಳ್ಳುವ ಭಾಷೆ. ಹನುಮಸಾಗರದ, ಹನುಮಸಾಗರಕ್ಕೆ, ಹನುಮಸಾಗರದಿಂದ, ಹನುಮಸಾಗರದಲ್ಲಿಯೂ, ಹನುಮಸಾಗರದವರು ಎಂಬ ರೂಪಗಳೆಲ್ಲ ಒಂದೇ ಊರನ್ನು ಕುರಿತವು ಎಂದು ಯಂತ್ರವು ತಿಳಿಯಬೇಕು. "ಕುಷ್ಟಗಿಯಲ್ಲಿದೆ" ಎಂಬ ಒಂದೇ ಪದದಲ್ಲಿ ಊರಿನ ಹೆಸರು, ಸಪ್ತಮಿ ವಿಭಕ್ತಿ ಮತ್ತು ಕ್ರಿಯಾಪದ ಮೂರೂ ಸಂಧಿಯಿಂದ ಕೂಡಿಕೊಂಡಿವೆ. "ಕುಷ್ಟಗಿಯಲ್ಲಿಲ್ಲ" ಎಂದಾಗ ಪದದ ಕೊನೆಯ ಭಾಗವಷ್ಟೇ ಬದಲಾಗಿ ಅರ್ಥವು ಪೂರ್ತಿ ವಿರುದ್ಧವಾಗುತ್ತದೆ. ಪದದ ಆರಂಭವನ್ನು ಮಾತ್ರ ನೋಡಿ ತೀರ್ಮಾನಿಸುವ ವ್ಯವಸ್ಥೆಯು ಈ ಎರಡನ್ನೂ ಒಂದೇ ಎಂದು ದಾಖಲಿಸುವ ಅಪಾಯವಿದೆ.

ವಾಕ್ಯರಚನೆ ಮತ್ತು ಬಳಕೆ

ಹರ್ಸ್ಟ್ ವಿಧಾನವು ಇಂಗ್ಲಿಷಿನಲ್ಲಿ ವರ್ಗದ ಹೆಸರನ್ನು ಮೊದಲು, ಉದಾಹರಣೆಗಳನ್ನು ಅನಂತರ ನಿರೀಕ್ಷಿಸುವುದೇ ಹೆಚ್ಚು. ಕನ್ನಡದಲ್ಲಿ ಸಾಮಾನ್ಯ ಕ್ರಮ ಇದಕ್ಕೆ ವಿರುದ್ಧ. "ಜೋಳ, ಸಜ್ಜೆ, ತೊಗರಿ ಮುಂತಾದ ಬೆಳೆಗಳು" ಎನ್ನುವಾಗ ಉದಾಹರಣೆಗಳು ಮೊದಲು ಬಂದು, "ಮುಂತಾದ" ಎಂಬ ಪದದ ಬಳಿಕ ವರ್ಗವು ಬರುತ್ತದೆ. "ಮೊದಲಾದ", "ಇತ್ಯಾದಿ", "ಎಂಬ" ಎಂಬ ಪದಗಳೂ ಇಂತಹ ಸುಳಿವುಗಳೇ. ಆದ್ದರಿಂದ ಮಾದರಿಗಳನ್ನು ಅನುವಾದಿಸಿದರೆ ಸಾಲದು; ಕನ್ನಡದ ಬರವಣಿಗೆಯಿಂದಲೇ ಅವುಗಳನ್ನು ಕಂಡುಕೊಳ್ಳಬೇಕಾಗುತ್ತದೆ.

ಕನ್ನಡಕ್ಕೆ ವಿಶಿಷ್ಟವಾದ ಇನ್ನೂ ಕೆಲವು ಸಂದರ್ಭಗಳಿವೆ:

ಗೌರವ ಬಹುವಚನ: "ಅವರು ಬಂದರು" ಎಂಬ ವಾಕ್ಯವು ಒಬ್ಬ ಹಿರಿಯರನ್ನೂ ಹಲವು ಜನರನ್ನೂ ಸೂಚಿಸಬಹುದು. ಹಿಂದಿನ ವಾಕ್ಯಗಳನ್ನು ನೋಡದೆ ಇದನ್ನು ನಿರ್ಧರಿಸಲಾಗದು.

ಕೇಳಿಕೆಯ ಮಾತು: "ಇಲ್ಲಿ ಕೋಟೆಯಿತ್ತು" ಎಂಬುದು ಹೇಳಿಕೆ, "ಇಲ್ಲಿ ಕೋಟೆಯಿತ್ತಂತೆ" ಎಂಬುದು ಇತರರಿಂದ ಕೇಳಿದ ಮಾತು. "ಅಂತೆ" ಎಂಬ ಪ್ರತ್ಯಯವನ್ನು ಗಮನಿಸದ ಯಂತ್ರವು ಐತಿಹ್ಯವನ್ನು ಇತಿಹಾಸವೆಂದು ದಾಖಲಿಸುತ್ತದೆ. ಊರುಗಳ ಸ್ಥಳಪುರಾಣಗಳನ್ನು ಓದುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಊರಿನ ಹೆಸರೇ ವ್ಯಕ್ತಿಯ ಹೆಸರಾಗುವುದು: ಉತ್ತರ ಕರ್ನಾಟಕದಲ್ಲಿ ಊರಿನ ಹೆಸರನ್ನು ವ್ಯಕ್ತಿಯ ಹೆಸರಿನೊಡನೆ ಸೇರಿಸುವ ರೂಢಿಯಿದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರ ಹೆಸರು ಇದಕ್ಕೆ ಪರಿಚಿತ ಉದಾಹರಣೆ. "ಗಂಗಾವತಿ" ಎಂಬುದನ್ನು ಕಂಡೊಡನೆ ಊರೆಂದೇ ತೀರ್ಮಾನಿಸುವ ವ್ಯವಸ್ಥೆಯು ಅಲ್ಲಿ ಎಡವುತ್ತದೆ.

ಉಪಭಾಷೆ: ಕೊಪ್ಪಳ, ರಾಯಚೂರು ಭಾಗದ ಮಾತಿನಲ್ಲಿ "ಇದೆ" ಎಂಬುದಕ್ಕೆ "ಐತಿ" ಎನ್ನುತ್ತಾರೆ. ಪತ್ರಿಕಾ ಬರಹವನ್ನಷ್ಟೇ ಓದಿ ಕಲಿತ ಯಂತ್ರಕ್ಕೆ ಇಂತಹ ರೂಪಗಳು ಅಪರಿಚಿತವಾಗಿ ಉಳಿಯುತ್ತವೆ.

ಪಠ್ಯಭಂಡಾರಗಳು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 4.37 ಕೋಟಿ ಜನರ ಮಾತೃಭಾಷೆ ಕನ್ನಡ. ಭಾಷಿಕರ ಸಂಖ್ಯೆಗೆ ಹೋಲಿಸಿದರೆ ಅಂತರಜಾಲದಲ್ಲಿರುವ ಕನ್ನಡ ಪಠ್ಯ ಕಡಿಮೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆ 60 ಲಕ್ಷವನ್ನು ಮೀರಿದೆ.

ಮೈಸೂರಿನಲ್ಲಿರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವು (ಸ್ಥಾಪನೆ 1969) ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯಭಂಡಾರಗಳನ್ನು ಸಿದ್ಧಪಡಿಸುತ್ತ ಬಂದಿದೆ. 2020ರಲ್ಲಿ ಎಐ4ಭಾರತ್ ತಂಡವು ಬಿಡುಗಡೆ ಮಾಡಿದ ಇಂಡಿಕ್‌ಕಾರ್ಪ್ ಸಂಗ್ರಹದಲ್ಲಿ ಕನ್ನಡದ 70 ಕೋಟಿಗೂ ಹೆಚ್ಚು ಪದಘಟಕಗಳಿದ್ದವು. ಸುದ್ದಿತಾಣಗಳು ಅದರ ಪ್ರಮುಖ ಆಕರಗಳಾಗಿದ್ದವು. ಅದೇ ತಂಡವು ಬಳಿಕ ಪ್ರಕಟಿಸಿದ ನಾಮಪದಂ ಎಂಬ ಸಂಗ್ರಹವು ಕನ್ನಡ ಸೇರಿದಂತೆ 11 ಭಾರತೀಯ ಭಾಷೆಗಳಲ್ಲಿ ವ್ಯಕ್ತಿ, ಸ್ಥಳ, ಸಂಸ್ಥೆಗಳ ಹೆಸರುಗಳನ್ನು ಗುರುತಿಸಲು ನೆರವಾಗುತ್ತದೆ. ಗೂಗಲ್‌ನ ಭಾರತೀಯ ಸಂಶೋಧನಾ ವಿಭಾಗವು 2021ರಲ್ಲಿ ವಿವರಿಸಿದ ಮುರಿಲ್ ಎಂಬ ಮಾದರಿಯು ಇಂಗ್ಲಿಷ್ ಮತ್ತು 16 ಭಾರತೀಯ ಭಾಷೆಗಳ ಪಠ್ಯವನ್ನು, ರೋಮನ್ ಲಿಪಿಯಲ್ಲಿ ಬರೆದ ಭಾರತೀಯ ಭಾಷೆಗಳ ರೂಪಗಳನ್ನೂ ಸೇರಿಸಿಕೊಂಡು, ಓದಿ ಸಿದ್ಧವಾಯಿತು.

ಸುದ್ದಿಬರಹವೇ ಹೆಚ್ಚಾಗಿರುವ ಸಂಗ್ರಹದಲ್ಲಿ ರಾಜಕೀಯ, ಅಪರಾಧ, ಕ್ರೀಡೆ ಮತ್ತು ಚಲನಚಿತ್ರಗಳ ವಿಷಯ ಅಧಿಕವಾಗಿರುತ್ತದೆ. ಕೃಷಿ, ಕುಶಲಕೆಲಸ, ಸ್ಥಳೀಯ ಇತಿಹಾಸ ಮೊದಲಾದ ವಿಷಯಗಳ ಪಾಲು ಕಡಿಮೆ. ಹನುಮಸಾಗರದಂತಹ ಊರುಗಳ ಜನಜೀವನವು ಅಲ್ಲಿನವರ ಮಾತಿನಲ್ಲಿ ಉಳಿದಿದ್ದು, ಬರಹಕ್ಕೆ ಬಾರದಿದ್ದಲ್ಲಿ ಓದುವ ಯಂತ್ರಕ್ಕೆ ಅದು ದೊರೆಯುವುದಿಲ್ಲ. ಈ ಕೊರತೆಯ ಒಂದು ಭಾಗವನ್ನು ಮಾತಿನ ಸಂಗ್ರಹದಿಂದ ತುಂಬುವ ಪ್ರಯತ್ನವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಸಹಯೋಗದಲ್ಲಿ ದೇಶದ ಎಲ್ಲ ಜಿಲ್ಲೆಗಳಿಂದ ಜನರ ಮಾತನ್ನು ಧ್ವನಿಮುದ್ರಿಸುವ ವಾಣಿ ಯೋಜನೆಯನ್ನು ಕೈಗೊಂಡಿದೆ.

ಕಾಲ ಮತ್ತು ಹೆಸರಿನ ಸಮಸ್ಯೆ

ಯಂತ್ರವು ಓದುವ ಪಠ್ಯವು ಬೇರೆ ಬೇರೆ ಕಾಲದಲ್ಲಿ ಬರೆದದ್ದಾಗಿರುತ್ತದೆ. ಬರೆದ ಕಾಲಕ್ಕೆ ಸತ್ಯವಾಗಿದ್ದ ಸಂಗತಿಯು ಓದುವ ಕಾಲಕ್ಕೆ ಬದಲಾಗಿರಬಹುದು. ಕೊಪ್ಪಳ ಪ್ರದೇಶದ ಆಡಳಿತ ಚರಿತ್ರೆ ಈ ಸಮಸ್ಯೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಹನುಮಸಾಗರ ಇರುವ ಪ್ರದೇಶವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿ ಮುಂದುವರಿಯಿತು. ಅಂದಿನ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವೆಂದಾಯಿತು. ಕುಷ್ಟಗಿ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಅನಂತರ ಕನಕಗಿರಿ, ಕಾರಟಗಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾದವು. ಹೈದರಾಬಾದ್ ಕರ್ನಾಟಕವೆಂದು ಕರೆಯಲಾಗುತ್ತಿದ್ದ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಿಡಲಾಯಿತು.

ಇದರ ಫಲವಾಗಿ, 1997ಕ್ಕಿಂತ ಮೊದಲು ಮುದ್ರಣವಾದ ಗ್ರಂಥಗಳು ಕುಷ್ಟಗಿಯನ್ನು ರಾಯಚೂರು ಜಿಲ್ಲೆಯಲ್ಲಿ ಇರಿಸುತ್ತವೆ. ನಂತರದವು ಕೊಪ್ಪಳ ಜಿಲ್ಲೆಯಲ್ಲಿ ಇರಿಸುತ್ತವೆ. 1112ರಲ್ಲಿ ನಿರ್ಮಾಣವಾದ ಇಟಗಿಯ ಮಹಾದೇವ ದೇವಾಲಯವು ಹಳೆಯ ಬರಹಗಳಲ್ಲಿ ಯಲಬುರ್ಗಾ ತಾಲ್ಲೂಕಿನಲ್ಲಿಯೂ ಇತ್ತೀಚಿನ ಬರಹಗಳಲ್ಲಿ ಕುಕನೂರು ತಾಲ್ಲೂಕಿನಲ್ಲಿಯೂ ಕಾಣುತ್ತದೆ. ಎರಡೂ ಬಗೆಯ ಬರಹಗಳು ತಮ್ಮ ಕಾಲಕ್ಕೆ ಸರಿಯಾಗಿವೆ. ಕಾಲವನ್ನು ಗಮನಿಸದ ಯಂತ್ರವು ಇವುಗಳನ್ನು ಪರಸ್ಪರ ವಿರುದ್ಧವೆಂದು ತಿಳಿದು ಒಂದನ್ನು ತಳ್ಳಿಹಾಕುತ್ತದೆ, ಇಲ್ಲವೇ ಹೆಚ್ಚು ಬಾರಿ ಕಂಡುದನ್ನು ಇಂದಿನ ಸತ್ಯವೆಂದು ಸ್ವೀಕರಿಸುತ್ತದೆ. ಹಳೆಯ ಗ್ರಂಥಗಳನ್ನು ಗಣಕೀಕರಿಸಿ ಅಂತರಜಾಲದಲ್ಲಿ ಸೇರಿಸಿದಷ್ಟೂ ಈ ಗೊಂದಲ ಹೆಚ್ಚುವ ಸಾಧ್ಯತೆಯಿದೆ. ಅಂತಹ ಪಠ್ಯವನ್ನು ಸೇರಿಸುವಾಗ ಮೂಲ ಮುದ್ರಣದ ವರ್ಷವನ್ನೂ ನಮೂದಿಸಿದರೆ ಯಂತ್ರಕ್ಕೆ ಕಾಲದ ಸುಳಿವು ದೊರೆಯುತ್ತದೆ.

ಪರಿಹಾರವಾಗಿ ತ್ರಿಕಕ್ಕೆ ಕಾಲದ ಗುರುತನ್ನು ಸೇರಿಸಲಾಗುತ್ತದೆ. ವಿಕಿಡೇಟಾದಲ್ಲಿ ಒಂದು ಹೇಳಿಕೆಗೆ ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು ನಮೂದಿಸುವ ಅವಕಾಶವಿದೆ. ಕುಷ್ಟಗಿ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿದ್ದುದು 1997ಕ್ಕೆ ಮುಗಿಯಿತು, ಕೊಪ್ಪಳ ಜಿಲ್ಲೆಯಲ್ಲಿರುವುದು 1997ರಿಂದ ಆರಂಭವಾಯಿತು ಎಂದು ಎರಡನ್ನೂ ಜೊತೆಯಾಗಿ ಉಳಿಸಿಕೊಳ್ಳಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ತಾಲೂಕ್ದಾರ್ ಅವರ ತಂಡವು 2018ರಲ್ಲಿ ಪ್ರಕಟಿಸಿದ ಹೈಟ್ ಎಂಬ ವಿಧಾನವು, ಸಂಗತಿಗಳನ್ನು ಅವು ಸತ್ಯವಾಗಿದ್ದ ಕಾಲದೊಡನೆ ಸೇರಿಸಿ ಗಣಿತದ ರೂಪದಲ್ಲಿ ನಿರೂಪಿಸುತ್ತದೆ.

ಹೆಸರುಗಳ ವೈವಿಧ್ಯ ಇನ್ನೊಂದು ಸಮಸ್ಯೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಹೆಸರಿಸಲಾದ ಕೊಪಣವನ್ನು ಇಂದಿನ ಕೊಪ್ಪಳವೆಂದು ಗುರುತಿಸಲಾಗಿದೆ. ಯಲಬುರ್ಗಾ, ಯಲಬುರ್ಗ, ಯಲಬುರಗಾ ಎಂಬ ಬರಹಗಳು ಒಂದೇ ಊರಿನವು. ತಾಲೂಕು, ತಾಲ್ಲೂಕು ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಇವುಗಳನ್ನು ಒಂದುಗೂಡಿಸದಿದ್ದರೆ ಮೊದಲೇ ಅಲ್ಪವಾಗಿರುವ ಮಾಹಿತಿಯು ಹಲವು ಹೆಸರುಗಳಡಿ ಹಂಚಿಹೋಗುತ್ತದೆ. ಪಠ್ಯದಿಂದ ಹೊರತೆಗೆದ ಭಿನ್ನ ಹೆಸರುಗಳಲ್ಲಿ ಯಾವುವು ಒಂದೇ ವಸ್ತುವನ್ನು ಕುರಿತವು ಎಂಬುದನ್ನು ಗುಂಪುಗೂಡಿಸುವ ಸೆಸಿ ಎಂಬ ವಿಧಾನವನ್ನು ಅದೇ ತಂಡವು 2018ರಲ್ಲಿ ಇಂಗ್ಲಿಷ್ ಪಠ್ಯಕ್ಕಾಗಿ ರೂಪಿಸಿತು.

ವಿಶ್ವಾಸಾರ್ಹತೆ

ಜ್ಞಾನಜಾಲದಲ್ಲಿ ಪ್ರತಿಯೊಂದು ತ್ರಿಕವೂ ಯಾವ ಮೂಲದಿಂದ ಬಂದಿದೆಯೆಂಬುದನ್ನು ದಾಖಲಿಸಬಹುದು. ತಪ್ಪು ಕಂಡಾಗ ಅದನ್ನಷ್ಟೇ ತೆಗೆದುಹಾಕಬಹುದು. ಭಾಷಾ ಮಾದರಿಯಲ್ಲಿ ಸಂಗತಿಯು ಅಸಂಖ್ಯ ಅಂಕಿಗಳಲ್ಲಿ ಹರಡಿಕೊಂಡಿರುವುದರಿಂದ ಅದರ ಮೂಲವನ್ನು ತೋರಿಸುವುದೂ ಅದನ್ನು ತಿದ್ದುವುದೂ ಕಠಿಣ. ತಿಳಿಯದ ವಿಷಯವನ್ನು ಕೇಳಿದಾಗಲೂ ಮಾದರಿಯು ನಿರರ್ಗಳವಾದ, ಆದರೆ ಆಧಾರವಿಲ್ಲದ ಉತ್ತರವನ್ನು ರಚಿಸಬಲ್ಲದು. ಹೆಚ್ಚು ಬರಹ ಲಭ್ಯವಿರುವ ನಗರಗಳಿಗಿಂತ ಚಿಕ್ಕ ಊರುಗಳ ವಿಷಯದಲ್ಲಿ ಈ ಅಪಾಯ ಅಧಿಕ. ಜಿಲ್ಲೆ ಅಥವಾ ತಾಲ್ಲೂಕಿನ ಹೆಸರು ತಪ್ಪಾದರೆ ಅರ್ಜಿ, ದಾಖಲೆ, ಪರಿಹಾರ ಮೊದಲಾದವುಗಳಿಗಾಗಿ ನಾಗರಿಕನು ತಪ್ಪು ಕಚೇರಿಗೆ ಅಲೆಯಬೇಕಾಗಬಹುದು.

ಇದನ್ನು ಕಡಿಮೆ ಮಾಡಲು 2020ರಿಂದ ಈಚೆಗೆ ವ್ಯಾಪಕವಾದ ಕ್ರಮದಲ್ಲಿ, ಮಾದರಿಯು ಉತ್ತರಿಸುವ ಮುನ್ನ ಆಯ್ದ ದಾಖಲೆಗಳನ್ನು ಹುಡುಕಿ ಓದಿ, ಅವುಗಳ ಆಧಾರದ ಮೇಲೆ ಉತ್ತರವನ್ನು ರಚಿಸುತ್ತದೆ. ಈ ಕ್ರಮವೂ ಆ ಭಾಷೆಯಲ್ಲಿ ಸರಿಯಾದ ದಾಖಲೆಗಳಿದ್ದಾಗ ಮಾತ್ರ ಸಫಲವಾಗುತ್ತದೆ.

ಯಂತ್ರವೇ ಬರೆದ ಪಠ್ಯವನ್ನು ಯಂತ್ರವು ಓದುವುದು ಮತ್ತೊಂದು ಆತಂಕ. 2010ರ ಆಸುಪಾಸಿನಲ್ಲಿ ಯಂತ್ರಾನುವಾದದ ನೆರವಿನಿಂದ ಸಿದ್ಧವಾದ ಅನೇಕ ಲೇಖನಗಳು ಕನ್ನಡ ವಿಕಿಪೀಡಿಯದಲ್ಲಿ ಸೇರ್ಪಡೆಯಾದವು. ಅವುಗಳ ಭಾಷೆಯ ಕೃತಕತೆಯನ್ನು ಕುರಿತು ಸಂಪಾದಕರಲ್ಲಿ ಚರ್ಚೆ ನಡೆಯಿತು. ಕಡಿಮೆ ಪಠ್ಯವಿರುವ ಭಾಷೆಯಲ್ಲಿ ಇಂತಹ ಬರಹವು ಒಟ್ಟು ಪಠ್ಯದ ಗಣನೀಯ ಪಾಲಾಗುವುದರಿಂದ, ಅದನ್ನು ಓದಿ ಕಲಿತ ಯಂತ್ರದ ಭಾಷೆಯೂ ಹಾಗೆಯೇ ರೂಪುಗೊಳ್ಳುತ್ತದೆ.

ಉಪಯೋಗಗಳು

ಹುಡುಕುಯಂತ್ರಗಳಲ್ಲಿ ನೇರ ಉತ್ತರಗಳನ್ನು ಒದಗಿಸುವುದು, ವೈದ್ಯಕೀಯ ಪ್ರಬಂಧಗಳಿಂದ ರೋಗ ಮತ್ತು ಔಷಧಗಳ ಸಂಬಂಧಗಳನ್ನು ಸಂಗ್ರಹಿಸುವುದು, ನ್ಯಾಯಾಲಯದ ತೀರ್ಪುಗಳಲ್ಲಿ ಪೂರ್ವನಿದರ್ಶನಗಳನ್ನು ಪತ್ತೆಹಚ್ಚುವುದು ಯಂತ್ರವಾಚನದ ಪ್ರಮುಖ ಬಳಕೆಗಳು. ಭಾರತದಲ್ಲಿ 2022ರಲ್ಲಿ ಆರಂಭವಾದ ಭಾಷಿಣಿ ಯೋಜನೆಯು ಸರ್ಕಾರಿ ಸೇವೆಗಳನ್ನು ಭಾರತೀಯ ಭಾಷೆಗಳಲ್ಲಿ ಒದಗಿಸುವ ಉದ್ದೇಶದಿಂದ ಅನುವಾದ ಮತ್ತು ಧ್ವನಿ ತಂತ್ರಜ್ಞಾನಗಳನ್ನು ಬೆಳೆಸುತ್ತಿದೆ. ಕನ್ನಡದಲ್ಲಿ ಶಾಸನ, ಗ್ಯಾಸೆಟಿಯರ್ ಮತ್ತು ಹಳೆಯ ಪತ್ರಿಕೆಗಳ ಪಠ್ಯವು ಯೂನಿಕೋಡಿನಲ್ಲಿ ಲಭ್ಯವಾದಂತೆ, ಊರುಗಳ ಹೆಸರು, ಆಡಳಿತ ಮತ್ತು ಇತಿಹಾಸವನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಯಂತ್ರವಾಚನವನ್ನು ಬಳಸಬಹುದಾಗಿದೆ. ವಿಕಿಪೀಡಿಯದ ಊರು ಲೇಖನಗಳಲ್ಲಿ ಕಾಲ ಮತ್ತು ಆಧಾರಗಳನ್ನು ನಮೂದಿಸಿ ಬರೆದ ವಾಕ್ಯಗಳು ಮನುಷ್ಯ ಓದುಗರಿಗೂ ಇಂತಹ ಯಂತ್ರಗಳಿಗೂ ಏಕಕಾಲದಲ್ಲಿ ಆಕರಗಳಾಗುತ್ತವೆ.